‘ಓನ್ಲಿ’ ಬರೆಯುವ ಮುನ್ನ ನಿಮ್ಮ ಕನ್ನಡ ವಾಕ್ಯವನ್ನು ಕೇಳಿಸಿಕೊಳ್ಳಿ

ಬೆಂಗಳೂರಿನ ಕಚೇರಿಯಿಂದ ಲಂಡನ್ನಿನ ಗ್ರಾಹಕರಿಗೆ ಒಂದು ಸಾಲಿನ ಇಮೇಲ್ ಹೋಗುತ್ತದೆ ಎಂದುಕೊಳ್ಳಿ: ‘ಐ ಸೆಂಟ್ ದಿ ಫೈಲ್ ಯೆಸ್ಟರ್‌ಡೇ ಓನ್ಲಿ.’ ಬರೆದವರ ಮನಸ್ಸಿನಲ್ಲಿರುವುದು ‘ಫೈಲನ್ನು ನಿನ್ನೆಯೇ ಕಳುಹಿಸಿದ್ದೇನೆ’ ಎಂಬ ಮಾತು. ನನ್ನಿಂದ ತಡವಾಗಿಲ್ಲ, ನೀವು ಕೇಳುವ ಮೊದಲೇ ಕೆಲಸ ಮುಗಿದಿದೆ ಎಂಬುದು ಅದರ ತಾತ್ಪರ್ಯ. ಇಂಗ್ಲಿಷ್ ಮನೆಮಾತಿನ ಓದುಗರಿಗೆ ಇದೇ ಸಾಲು ‘ನಿನ್ನೆಯಷ್ಟೇ ಕಳುಹಿಸಿದೆ’ ಎಂದು ಕೇಳಿಸುವ ಸಾಧ್ಯತೆಯೇ ಹೆಚ್ಚು. ಹಾಗಾದರೆ ಅಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಅವರು ಕೇಳಿದರೆ ತಪ್ಪು ಅವರದಲ್ಲ. ಸಮರ್ಥನೆಗೆಂದು ಬರೆದ ಸಾಲು ತಪ್ಪೊಪ್ಪಿಗೆಯಾಗಿ ತಲುಪಿರುತ್ತದೆ. ವಾಕ್ಯದಲ್ಲಿ ಕಾಗುಣಿತದ ದೋಷವಿಲ್ಲ, ಕಾಲದ ದೋಷವೂ ಇಲ್ಲ. ಕೈಕೊಟ್ಟದ್ದು ಕೊನೆಯ ಪದ.

ಇಂಗ್ಲಿಷಿನ ಕ್ರಿಯಾವಿಶೇಷಣಗಳಲ್ಲಿ ‘ಓನ್ಲಿ’ಯಷ್ಟು ಬಳಕೆಯಾಗುವ, ಅಷ್ಟೇ ಎಡವಿಸುವ ಪದ ಕನ್ನಡಿಗರಿಗೆ ಇನ್ನೊಂದಿಲ್ಲ ಎಂಬುದು ನನ್ನ ಅನಿಸಿಕೆ. ಇದನ್ನು ತಿದ್ದಿಕೊಳ್ಳಲು ದೊಡ್ಡ ವ್ಯಾಕರಣದ ಪುಸ್ತಕ ಬೇಕಿಲ್ಲ. ತಪ್ಪಿನ ಬೇರು ಇಂಗ್ಲಿಷಿನಲ್ಲಿಲ್ಲ, ನಮ್ಮ ಕನ್ನಡ ವಾಕ್ಯದಲ್ಲಿದೆ. ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ.

ಮೊದಲ ಹೆಜ್ಜೆ: ‘ಏ’ಯನ್ನು ಪರೀಕ್ಷಿಸಿ

ಶಾಲೆಯ ವ್ಯಾಕರಣ ಪಾಠದಲ್ಲಿ ಅವಧಾರಣೆಯ ಅವ್ಯಯ ಎಂದು ಓದಿದ್ದು ನೆನಪಿರಬಹುದು. ಅವನೇ, ಇಲ್ಲೇ, ಹೀಗೇ, ಈಗಲೇ, ಬರಲೇ ಇಲ್ಲ. ಈ ‘ಏ’ ನಾಮಪದ, ಕ್ರಿಯಾಪದ, ಅವ್ಯಯ ಎನ್ನದೆ ಎಲ್ಲದರ ಬೆನ್ನಿಗೂ ಅಂಟಿಕೊಳ್ಳುತ್ತದೆ. ಅಂಟಿಕೊಂಡು ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ. ಒಂದು, ಮಿತಿ ಹಾಕುವುದು: ‘ಮದುವೆಗೆ ಇಬ್ಬರೇ ಬಂದರು.’ ಇಬ್ಬರನ್ನು ಬಿಟ್ಟು ಮೂರನೆಯವರಿಲ್ಲ. ಇನ್ನೊಂದು, ಬರೀ ಒತ್ತು ಕೊಡುವುದು: ‘ನಾನು ಇಲ್ಲೇ ಇದ್ದೇನೆ.’ ಇಲ್ಲಿ ಯಾವ ಮಿತಿಯೂ ಇಲ್ಲ, ಮಾತಿಗೆ ಸ್ವಲ್ಪ ತೂಕ ಬಂದಿದೆ, ಅಷ್ಟೇ.

ಇಂಗ್ಲಿಷಿನ ‘ಓನ್ಲಿ’ ಮಾಡುವುದು ಮುಖ್ಯವಾಗಿ ಮೊದಲನೆಯ ಕೆಲಸ. ಅದರ ಹೊಟ್ಟೆಯೊಳಗೇ ‘ಒಂದು’ ಎಂಬ ಅರ್ಥದ ಇಂಗ್ಲಿಷ್ ಪದ ಕುಳಿತಿದೆ. ‘ಒಂದೇ, ಬೇರೆ ಇಲ್ಲ’ ಎಂಬ ಭಾವ ಇದ್ದಲ್ಲಿ ಅದು ಸಲ್ಲುತ್ತದೆ. ನಾವು ಮಾತ್ರ ‘ಏ’ ಕಂಡಲ್ಲೆಲ್ಲ ‘ಓನ್ಲಿ’ ಹಾಕುತ್ತೇವೆ. ನಾವಷ್ಟೇ ಅಲ್ಲ, ಹಿಂದಿಯ ‘ಹೀ’, ತಮಿಳಿನ ‘ತಾನ್’ ಕೂಡ ಇಂಥದೇ ಕೆಲಸ ಮಾಡುವುದರಿಂದ ದೇಶದ ಉದ್ದಗಲಕ್ಕೂ ಜನ ಹೀಗೆಯೇ ಮಾತನಾಡುತ್ತಾರೆ. ನಮ್ಮ ನಮ್ಮಲ್ಲಿ ಇದರಿಂದ ಯಾವ ತೊಂದರೆಯೂ ಇಲ್ಲ. ಬಸ್ ನಿಲ್ದಾಣದಲ್ಲಿ ನಿಂತು ಗೆಳೆಯನಿಗೆ ‘ಐ ಆಮ್ ಹಿಯರ್ ಓನ್ಲಿ’ ಎಂದರೆ ಅವನಿಗೆ ಚೆನ್ನಾಗಿಯೇ ಅರ್ಥವಾಗುತ್ತದೆ, ಅವನನ್ನು ನಿಲ್ಲಿಸಿ ತಿದ್ದುವುದು ಬರೀ ಅಧಿಕಪ್ರಸಂಗ. ತೊಂದರೆ ಬರುವುದು ಓದುವವರ ತಲೆಯಲ್ಲಿ ‘ಏ’ ಇಲ್ಲದಿರುವಾಗ: ವಿದೇಶದ ಗ್ರಾಹಕರು, ಭಾಷಾ ಪರೀಕ್ಷೆಯ ಪರೀಕ್ಷಕರು, ವಿಶ್ವವಿದ್ಯಾಲಯದ ಪ್ರವೇಶ ವಿಭಾಗದವರು.

ಪರೀಕ್ಷೆ ಸುಲಭ. ನಿಮ್ಮ ಮನಸ್ಸಿನಲ್ಲಿರುವ ಕನ್ನಡ ವಾಕ್ಯದಿಂದ ‘ಏ’ ತೆಗೆದು ಆ ಜಾಗದಲ್ಲಿ ‘ಮಾತ್ರ’ ಹಾಕಿ ಓದಿ. ಅರ್ಥ ಹಾಗೆಯೇ ಉಳಿದರೆ ‘ಓನ್ಲಿ’ ಬರಲಿ. ವಾಕ್ಯ ವಿಚಿತ್ರವಾಗಿ ಕೇಳಿಸಿದರೆ ‘ಓನ್ಲಿ’ಗೆ ಅಲ್ಲಿ ಜಾಗವಿಲ್ಲ. ‘ಇಬ್ಬರು ಮಾತ್ರ ಬಂದರು’ ಸರಿಯಾಗಿದೆ. ‘ನಾನು ಇಲ್ಲಿ ಮಾತ್ರ ಇದ್ದೇನೆ’ ಎಂದರೆ? ಒಬ್ಬ ಮನುಷ್ಯ ಒಂದೇ ಸಮಯಕ್ಕೆ ಇನ್ನೆಲ್ಲಿರುತ್ತಾನೆ!

ಎರಡನೆಯ ಹೆಜ್ಜೆ: ಒತ್ತಿಗೆ ಇಂಗ್ಲಿಷಿನಲ್ಲಿ ಏನಿದೆ ಎಂದು ತಿಳಿದುಕೊಳ್ಳಿ

‘ಓನ್ಲಿ’ ಬೇಡ ಎಂದರೆ ಸಾಲದು, ಆ ಜಾಗಕ್ಕೆ ಏನು ಎಂಬುದೂ ಗೊತ್ತಿರಬೇಕು. ಕನ್ನಡದ ಒಂದು ‘ಏ’ಗೆ ಇಂಗ್ಲಿಷಿನಲ್ಲಿ ಹತ್ತಾರು ಬೇರೆ ಬೇರೆ ಸಾಧನಗಳಿವೆ. ಕಷ್ಟ ಇರುವುದೂ ಇಲ್ಲಿಯೇ.

ಜಾಗ ಮತ್ತು ಹೊತ್ತಿನ ಪದಗಳಿಗೆ ‘ರೈಟ್’ ಚೆನ್ನಾಗಿ ಹೊಂದುತ್ತದೆ. ಇಲ್ಲೇ ಇದ್ದೇನೆ: ‘ಐ ಆಮ್ ರೈಟ್ ಹಿಯರ್.’ ಈಗಲೇ ಬನ್ನಿ: ‘ಕಮ್ ರೈಟ್ ನೌ.’ ಆದರೆ ‘ಇನ್ನೂ ಊರಲ್ಲೇ ಇದ್ದೇನೆ, ಹೊರಟಿಲ್ಲ’ ಎಂಬ ಅರ್ಥದ ‘ಏ’ಗೆ ‘ಸ್ಟಿಲ್’ ಬೇಕು: ‘ಐ ಆಮ್ ಸ್ಟಿಲ್ ಇನ್ ಧಾರವಾಡ.’

ರೀತಿಯನ್ನು ಹೇಳುವ ‘ಹೀಗೇ’ಗೆ ‘ಜಸ್ಟ್ ಲೈಕ್ ದಿಸ್’ ಅಥವಾ ‘ಎಕ್ಸಾಕ್ಟ್ಲಿ ಲೈಕ್ ದಿಸ್’. ‘ನಮ್ಮ ಮನೆಯಲ್ಲಿ ಹೀಗೇ ಮಾಡುವುದು’ ಎಂಬ ಮಾತಿಗೆ ‘ಲೈಕ್ ದಿಸ್ ಓನ್ಲಿ’ ಎಂದು ಎಳೆಯುವುದಕ್ಕಿಂತ ‘ದಿಸ್ ಈಸ್ ಹೌ ವಿ ಡು ಇಟ್’ ಎಂದರೆ ಮುಗಿಯಿತು.

‘ಅದೇ ಬಸ್’ ಎಂದರೆ ‘ದಿ ಸೇಮ್ ಬಸ್’. ‘ಮೊದಲೇ ಹೇಳಿದ್ದೆ’ ಎಂದರೆ ‘ಐ ಹ್ಯಾಡ್ ಆಲ್ರೆಡಿ ಟೋಲ್ಡ್ ಯೂ’. ‘ನಾನೇ ಅಡುಗೆ ಮಾಡಿದೆ’ ಎಂದರೆ ‘ಐ ಕುಕ್ಡ್ ಇಟ್ ಮೈಸೆಲ್ಫ್’.

ನಕಾರದ ಜೊತೆ ಬರುವ ‘ಏ’ಯನ್ನು ಬೇರೆಯಾಗಿಯೇ ನೋಡಬೇಕು. ‘ಅವನು ಬರಲೇ ಇಲ್ಲ’ ಎಂಬುದನ್ನು ‘ಹಿ ಡಿಡ್ ನಾಟ್ ಕಮ್ ಓನ್ಲಿ’ ಎಂದು ಹೇಳುವವರಿದ್ದಾರೆ. ಇಂಗ್ಲಿಷ್ ಕಿವಿಗೆ ಇದು ಅರ್ಧಕ್ಕೆ ನಿಂತ ವಾಕ್ಯ. ಬಂದದ್ದಷ್ಟೇ ಅಲ್ಲವೆಂದರೆ ಮತ್ತೇನು ಮಾಡಿದ ಎಂದು ಕೇಳುಗರು ಮುಂದಿನ ಮಾತಿಗೆ ಕಾಯುತ್ತಾರೆ. ಬೇಕಾದದ್ದು ‘ಹಿ ನೆವರ್ ಕೇಮ್’ ಅಥವಾ ‘ಹಿ ಡಿಡ್ ನಾಟ್ ಕಮ್ ಅಟ್ ಆಲ್’. ‘ನನಗೆ ಗೊತ್ತೇ ಇರಲಿಲ್ಲ’ ಎಂಬುದಕ್ಕೆ ‘ಐ ಹ್ಯಾಡ್ ನೋ ಐಡಿಯಾ’.

ಎಲ್ಲಕ್ಕಿಂತ ತೊಡಕಿನದು ವ್ಯಕ್ತಿಯ ಮೇಲೆ ಬೀಳುವ ಒತ್ತು. ‘ನೀನೇ ತಾನೇ ಹೇಳಿದ್ದು?’ ಎಂಬ ಮಾತು ‘ಯೂ ಓನ್ಲಿ ಟೋಲ್ಡ್ ಮಿ’ ಆಗಿಬಿಡುತ್ತದೆ. ಇದನ್ನು ಇಂಗ್ಲಿಷಿನವರು ‘ನೀನು ಹೇಳಿದೆ ಅಷ್ಟೇ, ಬೇರೇನೂ ಮಾಡಲಿಲ್ಲ’ ಎಂದೋ ‘ನನಗೊಬ್ಬನಿಗೆ ಹೇಳಿದೆ’ ಎಂದೋ ಓದಿಕೊಳ್ಳಬಹುದು. ಮಾತಿನಲ್ಲಾದರೆ ಅವರು ಇಲ್ಲಿ ಪದವನ್ನೇ ಸೇರಿಸುವುದಿಲ್ಲ, ‘ಯೂ’ ಎಂಬಲ್ಲಿ ದನಿ ಎತ್ತುತ್ತಾರೆ. ಬರವಣಿಗೆಯಲ್ಲಿ ದನಿ ಇಲ್ಲದ ಕಾರಣ ವಾಕ್ಯವನ್ನೇ ಎರಡಾಗಿ ಸೀಳುತ್ತಾರೆ: ‘ಇಟ್ ವಾಸ್ ಯೂ ಹೂ ಟೋಲ್ಡ್ ಮಿ’, ಅಥವಾ ‘ಯೂ ಆರ್ ದಿ ಒನ್ ಹೂ ಟೋಲ್ಡ್ ಮಿ’. ಕನ್ನಡದ ‘ಹೇಳಿದ್ದು ನೀನೇ’ ಎಂಬ ವಾಕ್ಯದ ಕಟ್ಟಿಗೂ ಇದಕ್ಕೂ ಹೆಚ್ಚು ದೂರವಿಲ್ಲ, ಹಾಗಾಗಿ ಬೇಗ ಕೈಗೆ ಹತ್ತುತ್ತದೆ. ಒಂದು ಎಚ್ಚರಿಕೆ: ಈ ಸೀಳು ವಾಕ್ಯ ಇಂಗ್ಲಿಷಿನಲ್ಲಿ ಬೆರಳು ತೋರಿಸಿ ಮಾತನಾಡಿದ ಹಾಗೆ ಕೇಳಿಸಬಹುದು. ಮೇಲಧಿಕಾರಿಗೆ ಬರೆಯುವಾಗ ‘ಆ್ಯಸ್ ಯೂ ಸಜೆಸ್ಟೆಡ್’ ಎಂದು ಆರಂಭಿಸುವುದು ಕ್ಷೇಮ.

ಮೂರನೆಯ ಹೆಜ್ಜೆ: ಎಣಿಕೆಗೆ ಒಂದು ನಿಯಮ, ಗಡಿಯಾರಕ್ಕೆ ಇನ್ನೊಂದು

ಸಂಖ್ಯೆಯ ಬೆನ್ನಿಗಿರುವ ‘ಏ’ ಸಾಮಾನ್ಯವಾಗಿ ಮಿತಿಯನ್ನೇ ಹೇಳುತ್ತದೆ. ಐದೇ ರೂಪಾಯಿ, ಮೂರೇ ದಿನ, ನಾಲ್ಕೇ ಜನ. ಇಲ್ಲೆಲ್ಲ ಧೈರ್ಯವಾಗಿ ‘ಓನ್ಲಿ’ ಬರೆಯಬಹುದು, ಸಂಖ್ಯೆಯ ಮುಂದೆ ಇಡಬೇಕು ಅಷ್ಟೇ: ‘ಓನ್ಲಿ ಫೈವ್ ರುಪೀಸ್’, ‘ಓನ್ಲಿ ತ್ರೀ ಡೇಸ್’.

ಗಂಟೆ, ದಿನ, ತಿಂಗಳುಗಳ ವಿಷಯ ಬಂದಾಗ ಮಾತ್ರ ಎಲ್ಲ ತಲೆಕೆಳಗಾಗುತ್ತದೆ. ‘ಅವರು ಎಂಟು ಗಂಟೆಗೇ ಬಂದರು’ ಎಂದರೆ ಬೇಗ ಬಂದರು ಎಂದು ಅರ್ಥ. ‘ದೇ ಕೇಮ್ ಓನ್ಲಿ ಅಟ್ ಏಟ್’ ಎಂದರೆ ಎಂಟಾಗುವವರೆಗೂ ಬರಲಿಲ್ಲ, ತಡವಾಗಿ ಬಂದರು ಎಂದು ಅರ್ಥ. ಪೂರ್ತಿ ವಿರುದ್ಧ. ಬೇಗ ಎಂಬ ಭಾವಕ್ಕೆ ಇಂಗ್ಲಿಷಿನಲ್ಲಿ ‘ಆ್ಯಸ್ ಅರ್ಲಿ ಆ್ಯಸ್ ಏಟ್’ ಎನ್ನಬೇಕು, ಅಥವಾ ‘ದೇ ವರ್ ಆಲ್ರೆಡಿ ಹಿಯರ್ ಅಟ್ ಏಟ್’ ಎನ್ನಬಹುದು.

ಮೊದಲಲ್ಲಿ ನೋಡಿದ ಇಮೇಲಿನ ಗುಟ್ಟು ಇದೇ. ‘ಯೆಸ್ಟರ್‌ಡೇ’ ಜೊತೆ ಸೇರಿದ ‘ಓನ್ಲಿ’ ನಿನ್ನೆಯನ್ನು ತೀರಾ ಈಚಿನದಾಗಿ ಮಾಡುತ್ತದೆ. ‘ಐ ವಾಸ್ ಟಾಕಿಂಗ್ ಟು ಹಿಮ್ ಓನ್ಲಿ ಯೆಸ್ಟರ್‌ಡೇ’ ಎಂದರೆ ನಿನ್ನೆಯಷ್ಟೇ ಅವರ ಹತ್ತಿರ ಮಾತನಾಡಿದ್ದೆ, ಇನ್ನೂ ಹಸಿ ನೆನಪು ಎಂದು. ಫೈಲಿನ ವಿಷಯದಲ್ಲಿ ಬರೆಯಬೇಕಿದ್ದದ್ದು ‘ಐ ಆಲ್ರೆಡಿ ಸೆಂಟ್ ದಿ ಫೈಲ್ ಯೆಸ್ಟರ್‌ಡೇ’. ಅದನ್ನೂ ಬಿಟ್ಟು ‘ಐ ಸೆಂಟ್ ದಿ ಫೈಲ್ ಯೆಸ್ಟರ್‌ಡೇ’ ಎಂದಿದ್ದರೂ ಮಾನ ಉಳಿಯುತ್ತಿತ್ತು. ಒತ್ತು ಕೊಡದೆ ಇರುವುದೂ ಒಂದು ಒಳ್ಳೆಯ ಆಯ್ಕೆ. ಕನ್ನಡದಲ್ಲಿ ‘ಏ’ ಇದೆ ಎಂದು ಇಂಗ್ಲಿಷಿನಲ್ಲೂ ಏನಾದರೊಂದು ಇರಲೇಬೇಕೆಂದಿಲ್ಲ.

ಇನ್ನೂ ಒಂದು ಸೂಕ್ಷ್ಮವಿದೆ. ‘ಇಟ್ ಈಸ್ ಓನ್ಲಿ ಏಟ್ ಓ ಕ್ಲಾಕ್’ ಎಂದರೆ ‘ಇನ್ನೂ ಎಂಟು ಗಂಟೆ, ಬೇಕಾದಷ್ಟು ಹೊತ್ತಿದೆ’ ಎಂದು. ಅದೇ ಎಂಟು, ಅದೇ ‘ಓನ್ಲಿ’; ಆದರೆ ಈಗ ಹೊತ್ತಿನ್ನೂ ಬೇಗ ಎಂಬ ಭಾವ. ಗಡಿಯಾರ ಎಷ್ಟು ತೋರಿಸುತ್ತಿದೆ ಎಂದು ಹೇಳುವಾಗ ‘ಓನ್ಲಿ’ ಬೇಗ ಎನ್ನುತ್ತದೆ. ಒಂದು ಘಟನೆ ಯಾವಾಗ ನಡೆಯಿತು ಎಂದು ಹೇಳುವಾಗ ತಡ ಎನ್ನುತ್ತದೆ. ‘ಎಂಟಾದ ಮೇಲೆಯೇ ಬಂದರು’ ಎಂಬ ತಡದ ಅರ್ಥವನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ಹೇಳಬೇಕಾದರೆ ‘ಓನ್ಲಿ’ಯನ್ನು ಬಿಟ್ಟು ‘ನಾಟ್ ಅಂಟಿಲ್’ ಹಿಡಿಯಿರಿ: ‘ದೇ ಡಿಡ್ ನಾಟ್ ಕಮ್ ಅಂಟಿಲ್ ಏಟ್.’

ನಾಲ್ಕನೆಯ ಹೆಜ್ಜೆ: ಬೇಕೆಂದಾದ ಮೇಲೆ, ಎಲ್ಲಿ ಇಡಬೇಕು?

ಕನ್ನಡದಲ್ಲಿ ‘ಮಾತ್ರ’ ತಾನು ಮಿತಿ ಹಾಕುವ ಪದದ ಹಿಂದೆ ಬರುತ್ತದೆ: ಮಕ್ಕಳನ್ನು ಮಾತ್ರ, ಬೆಳಿಗ್ಗೆ ಮಾತ್ರ. ಇಂಗ್ಲಿಷಿನ ಪೂರ್ಣ ವಾಕ್ಯದಲ್ಲಿ ‘ಓನ್ಲಿ’ ಸಾಮಾನ್ಯವಾಗಿ ಆ ಪದದ ಮುಂದೆ ನಿಲ್ಲುತ್ತದೆ. ಅದರ ಕಣ್ಣು ತನ್ನ ಬಲಗಡೆಗೆ ಇರುತ್ತದೆ ಎಂದು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಆದಂತೆ. ‘ಐ ಡ್ರಿಂಕ್ ಕಾಫಿ ಓನ್ಲಿ’ ಎನ್ನುವುದಕ್ಕಿಂತ ‘ಐ ಡ್ರಿಂಕ್ ಓನ್ಲಿ ಕಾಫಿ’ ಸಹಜ.

ಜಾಗ ಬದಲಾದರೆ ಏನಾಗುತ್ತದೆ ಎಂದು ಒಂದು ಕ್ಲಿನಿಕ್ಕಿನ ಫಲಕದ ಮೇಲೆ ನೋಡೋಣ. ಮೂಲ ವಾಕ್ಯ: ‘ದಿ ಡಾಕ್ಟರ್ ಸೀಸ್ ಚಿಲ್ಡ್ರನ್ ಇನ್ ದಿ ಮಾರ್ನಿಂಗ್.’ ಡಾಕ್ಟರು ಬೆಳಿಗ್ಗೆ ಮಕ್ಕಳನ್ನು ನೋಡುತ್ತಾರೆ.

‘ಓನ್ಲಿ ದಿ ಡಾಕ್ಟರ್ ಸೀಸ್ ಚಿಲ್ಡ್ರನ್ ಇನ್ ದಿ ಮಾರ್ನಿಂಗ್.’ ಬೆಳಿಗ್ಗೆ ಮಕ್ಕಳನ್ನು ನೋಡುವವರು ಡಾಕ್ಟರು ಮಾತ್ರ. ನರ್ಸ್ ನೋಡುವುದಿಲ್ಲ.

‘ದಿ ಡಾಕ್ಟರ್ ಸೀಸ್ ಓನ್ಲಿ ಚಿಲ್ಡ್ರನ್ ಇನ್ ದಿ ಮಾರ್ನಿಂಗ್.’ ಬೆಳಿಗ್ಗೆ ಮಕ್ಕಳನ್ನು ಮಾತ್ರ. ಮೊಣಕಾಲು ನೋವಿನ ಅಜ್ಜಿ ಸಂಜೆ ಬರಬೇಕು.

‘ದಿ ಡಾಕ್ಟರ್ ಸೀಸ್ ಚಿಲ್ಡ್ರನ್ ಓನ್ಲಿ ಇನ್ ದಿ ಮಾರ್ನಿಂಗ್.’ ಮಕ್ಕಳನ್ನು ನೋಡುವುದು ಬೆಳಿಗ್ಗೆ ಮಾತ್ರ. ಸಂಜೆ ಜ್ವರದ ಮಗುವನ್ನು ಎತ್ತಿಕೊಂಡು ಬಂದವರಿಗೆ ಡಾಕ್ಟರು ಸಿಗುವುದಿಲ್ಲ. ಅಜ್ಜಿಗೆ ಮಾತ್ರ ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಬಾಗಿಲು ತೆರೆದಿರಬಹುದು.

‘ದಿ ಓನ್ಲಿ ಡಾಕ್ಟರ್ ಸೀಸ್ ಚಿಲ್ಡ್ರನ್ ಇನ್ ದಿ ಮಾರ್ನಿಂಗ್.’ ಇಲ್ಲಿ ‘ಓನ್ಲಿ’ ಕ್ರಿಯಾವಿಶೇಷಣವಾಗಿ ಉಳಿದಿಲ್ಲ, ಗುಣವಾಚಕವಾಗಿದೆ. ಊರಿಗೆಲ್ಲ ಇರುವುದು ಒಬ್ಬರೇ ಡಾಕ್ಟರು ಎಂಬ ಅರ್ಥ. ‘ದಿ’ ಮತ್ತು ನಾಮಪದದ ನಡುವೆ ‘ಓನ್ಲಿ’ ಸೇರಿತೆಂದರೆ ಯಾವಾಗಲೂ ಹೀಗೆಯೇ.

(ಎರಡನೆಯ ವಾಕ್ಯದಲ್ಲಿ ಚೇಷ್ಟೆಯ ಇನ್ನೊಂದು ಅರ್ಥವೂ ಅಡಗಿದೆ. ಇಂಗ್ಲಿಷಿನಲ್ಲಿ ‘ಆನ್ ಓನ್ಲಿ ಚೈಲ್ಡ್’ ಎಂದರೆ ಅಣ್ಣ ತಮ್ಮ ಅಕ್ಕ ತಂಗಿ ಯಾರೂ ಇಲ್ಲದ ಮಗು. ಹಾಗೆ ಓದಿದರೆ ಡಾಕ್ಟರು ಬೆಳಿಗ್ಗೆ ಅಂಥ ಮಕ್ಕಳನ್ನಷ್ಟೇ ನೋಡುತ್ತಾರೆ.)

ಈಗ ಉಳಿದ ಜಾಗ: ಕ್ರಿಯಾಪದದ ಮುಂದೆ. ‘ದಿ ಡಾಕ್ಟರ್ ಓನ್ಲಿ ಸೀಸ್ ಚಿಲ್ಡ್ರನ್ ಇನ್ ದಿ ಮಾರ್ನಿಂಗ್.’ ಇಂಗ್ಲಿಷಿನವರು ಮಾತಿನಲ್ಲಿ ಅತಿ ಹೆಚ್ಚು ಬಳಸುವುದು ಇದನ್ನೇ. ಅರ್ಥ ಮಕ್ಕಳ ಮೇಲೆ ಬೀಳಬೇಕೋ ಬೆಳಗಿನ ಮೇಲೆ ಬೀಳಬೇಕೋ ಎಂಬುದನ್ನು ಅವರ ದನಿಯ ಏರಿಳಿತ ತೀರ್ಮಾನಿಸುತ್ತದೆ. ಫಲಕಕ್ಕೆ ದನಿ ಇಲ್ಲವಾದ್ದರಿಂದ ಓದಿದವರು ತಮಗೆ ತೋಚಿದ ಅರ್ಥ ಮಾಡಿಕೊಂಡು ಮನೆಗೆ ಹೋಗುತ್ತಾರೆ.

ಕ್ರಿಯಾಪದದ ಮುಂದೆ ‘ಓನ್ಲಿ’ ಇಡುವುದು ತಪ್ಪೇ? ಅಲ್ಲ. ಇದನ್ನು ತಪ್ಪೆಂದು ಬೆತ್ತ ಹಿಡಿದು ಕಲಿಸುವ ಮೇಷ್ಟ್ರುಗಳು ಇಂಗ್ಲೆಂಡಿನಲ್ಲೂ ಇದ್ದರು. 1926ರಲ್ಲಿ ಪ್ರಕಟವಾದ ತನ್ನ ಪ್ರಸಿದ್ಧ ಬಳಕೆಯ ಕೋಶದಲ್ಲಿ ಎಚ್. ಡಬ್ಲ್ಯೂ. ಫೌಲರ್ ಅಂಥವರನ್ನು ಗೇಲಿ ಮಾಡಿದ. ‘ಹಿ ಓನ್ಲಿ ಡೈಡ್ ಎ ವೀಕ್ ಅಗೋ’ (ಅವನು ತೀರಿಕೊಂಡು ಒಂದು ವಾರವಷ್ಟೇ ಆಯಿತು) ಎಂಬ ವಾಕ್ಯವನ್ನು ಯಾರೂ ತಪ್ಪಾಗಿ ಅರ್ಥ ಮಾಡಿಕೊಳ್ಳುವುದಿಲ್ಲ, ಅದನ್ನು ತಿದ್ದುವ ಅಗತ್ಯವಿಲ್ಲ ಎಂಬುದು ಅವನ ನಿಲುವು. ನನ್ನದೂ ಅದೇ ನಿಲುವು, ಒಂದು ಷರತ್ತಿನೊಂದಿಗೆ: ಮಾತು, ಪತ್ರ, ಕಥೆಗಳಲ್ಲಿ ಕ್ರಿಯಾಪದದ ಮುಂದೆ ಇಡಿ, ಕರಾರು, ಔಷಧದ ಸೂಚನೆ, ಫಲಕ, ಪರೀಕ್ಷೆಯ ಉತ್ತರಗಳಲ್ಲಿ ಮಿತಿ ಹಾಕಬೇಕಾದ ಪದಕ್ಕೇ ತಾಗಿಸಿ ಇಡಿ.

ಕ್ರಿಯಾಪದದ ಬಳಿ ಇಡುವಾಗಲೂ ಅದರ ಸ್ಥಾನಕ್ಕೆ ಲೆಕ್ಕವಿದೆ. ಒಂಟಿ ಕ್ರಿಯಾಪದವಾದರೆ ಅದರ ಮುಂದೆ: ‘ಐ ಓನ್ಲಿ ಆಸ್ಕ್ಡ್ ದಿ ಪ್ರೈಸ್’, ಬೆಲೆ ಕೇಳಿದೆ ಅಷ್ಟೇ. ‘ಆಮ್, ಈಸ್, ವಾಸ್’ಗಳಿದ್ದರೆ ಅವುಗಳ ನಂತರ: ‘ಇಟ್ ಈಸ್ ಓನ್ಲಿ ಎ ಸ್ಕ್ರ್ಯಾಚ್’, ತರಚಿದ ಗಾಯವಷ್ಟೇ. ‘ಕ್ಯಾನ್, ವಿಲ್, ಹ್ಯಾವ್’ಗಳಂಥ ಸಹಾಯಕ ಕ್ರಿಯಾಪದವಿದ್ದರೆ ಮೊದಲನೆಯದರ ನಂತರ: ‘ಐ ಕ್ಯಾನ್ ಓನ್ಲಿ ವೇಟ್’, ಕಾಯುವುದಲ್ಲದೆ ನನ್ನಿಂದ ಬೇರೇನೂ ಆಗದು. ನಮ್ಮವರ ಬಾಯಲ್ಲಿ ಬರುವ ‘ಐ ಓನ್ಲಿ ವಿಲ್ ಡು ಇಟ್’ ಎಂಬಲ್ಲಿ ಎರಡು ತಪ್ಪು ಕೂಡಿವೆ. ಜಾಗ ತಪ್ಪಿದೆ, ಜೊತೆಗೆ ಹೇಳಬೇಕಾದದ್ದು ‘ನಾನೇ ಮಾಡುತ್ತೇನೆ’ ಎಂದಾದ್ದರಿಂದ ಪದವೂ ತಪ್ಪಿದೆ.

ಕೊನೆಯಲ್ಲಿ ಬರುವ ‘ಓನ್ಲಿ’ ಯಾವಾಗಲೂ ತಪ್ಪಲ್ಲ

ಇದುವರೆಗೆ ಓದಿದವರು ಇನ್ನು ಮುಂದೆ ವಾಕ್ಯದ ಬಾಲದಲ್ಲಿ ‘ಓನ್ಲಿ’ ಕಂಡಕೂಡಲೇ ಹೊಡೆದು ಹಾಕಬಾರದು. ಚೆಕ್ಕನ್ನು ನೋಡಿ. ಅಕ್ಷರಗಳಲ್ಲಿ ಮೊತ್ತ ಬರೆದ ಮೇಲೆ ‘ಓನ್ಲಿ’ ಎಂದು ಮುಗಿಸುತ್ತೇವೆ. ಕನ್ನಡದಲ್ಲಿ ಬರೆಯುವವರು ‘ಐದು ಸಾವಿರ ರೂಪಾಯಿಗಳು ಮಾತ್ರ’ ಎನ್ನುತ್ತಾರೆ. ಇದು ಬರೀ ಸಂಪ್ರದಾಯವಲ್ಲ. ‘ಫೈವ್ ಥೌಸಂಡ್’ ಎಂದು ಬರೆದು ಜಾಗ ಖಾಲಿ ಬಿಟ್ಟರೆ ಕೈಚಳಕದವರು ಪಕ್ಕದಲ್ಲಿ ‘ನೈನ್ ಹಂಡ್ರೆಡ್’ ಸೇರಿಸಬಹುದು. 1881ರ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೆಯ ವಿಧಿಯ ಪ್ರಕಾರ ಅಂಕಿಯ ಮೊತ್ತಕ್ಕೂ ಅಕ್ಷರದ ಮೊತ್ತಕ್ಕೂ ವ್ಯತ್ಯಾಸ ಬಂದರೆ ಸಲ್ಲುವುದು ಅಕ್ಷರದಲ್ಲಿರುವುದೇ. ಆದ್ದರಿಂದ ಆ ಸಾಲಿನ ಬಾಗಿಲು ಮುಚ್ಚುವ ಕೆಲಸ ‘ಓನ್ಲಿ’ಯದು.

ಫಲಕ ಮತ್ತು ಲೇಬಲ್‌ಗಳಲ್ಲೂ ಬಾಲದ ‘ಓನ್ಲಿ’ ಸರಿಯೇ: ‘ಸ್ಟಾಫ್ ಓನ್ಲಿ’, ‘ಲೇಡೀಸ್ ಓನ್ಲಿ’, ಅರ್ಜಿ ನಮೂನೆಯ ಮೂಲೆಯಲ್ಲಿರುವ ‘ಫಾರ್ ಆಫೀಸ್ ಯೂಸ್ ಓನ್ಲಿ’, ಮುಲಾಮಿನ ಕೊಳವೆಯ ಮೇಲಿನ ‘ಫಾರ್ ಎಕ್ಸ್‌ಟರ್ನಲ್ ಯೂಸ್ ಓನ್ಲಿ’. ಇವು ಪೂರ್ಣ ವಾಕ್ಯಗಳಲ್ಲ ಎಂಬುದನ್ನು ಗಮನಿಸಿ. ಕ್ರಿಯಾಪದ ಇಲ್ಲದ ಸೂಚನೆಗಳಲ್ಲಿ ಇದು ಒಪ್ಪಿತವಾದ ರೂಢಿ. ‘ಮಾತ್ರ’ ಪರೀಕ್ಷೆಯಲ್ಲೂ ಇವೆಲ್ಲ ಪಾಸಾಗುತ್ತವೆ: ಸಿಬ್ಬಂದಿಗೆ ಮಾತ್ರ, ಮಹಿಳೆಯರಿಗೆ ಮಾತ್ರ, ಹೊರಬಳಕೆಗೆ ಮಾತ್ರ.

ಐದನೆಯ ಹೆಜ್ಜೆ: ತಲೆಯಲ್ಲಿ ಕುಳಿತ ‘ಓನ್ಲಿ’

‘ಮಳೆ ನಿಂತ ಮೇಲೆಯೇ ಬಸ್ ಹೊರಟಿತು.’ ಇಲ್ಲಿನ ‘ಏ’ ಮಿತಿಯದ್ದೇ. ಇದನ್ನು ‘ದಿ ಬಸ್ ಲೆಫ್ಟ್ ಓನ್ಲಿ ಆಫ್ಟರ್ ದಿ ರೇನ್ ಸ್ಟಾಪ್ಡ್’ ಎಂದು ನೇರವಾಗಿ ಬರೆಯಬಹುದು. ಒತ್ತು ಹೆಚ್ಚಲಿ ಎಂದು ‘ಓನ್ಲಿ’ಯನ್ನು ವಾಕ್ಯದ ತಲೆಗೆ ತಂದರೆ ಇಂಗ್ಲಿಷ್ ಒಂದು ಸುಂಕ ಕೇಳುತ್ತದೆ. ಮುಖ್ಯ ವಾಕ್ಯದ ಕರ್ತೃ ಮತ್ತು ಸಹಾಯಕ ಕ್ರಿಯಾಪದ ಜಾಗ ಬದಲಿಸಿಕೊಳ್ಳಬೇಕು, ಪ್ರಶ್ನೆ ಕೇಳುವಾಗ ಬದಲಿಸಿಕೊಳ್ಳುವ ಹಾಗೆ: ‘ಓನ್ಲಿ ಆಫ್ಟರ್ ದಿ ರೇನ್ ಸ್ಟಾಪ್ಡ್ ಡಿಡ್ ದಿ ಬಸ್ ಲೀವ್.’ ‘ಲೆಫ್ಟ್’ ಎಂಬುದು ‘ಡಿಡ್ ಲೀವ್’ ಆದದ್ದನ್ನು ನೋಡಿ. ‘ಓನ್ಲಿ ದೆನ್ ಡಿಡ್ ಐ ಅಂಡರ್‌ಸ್ಟ್ಯಾಂಡ್’ ಎಂಬುದೂ ಇದೇ ಅಚ್ಚಿನದು.

ತಪ್ಪುವುದು ಎರಡು ಕಡೆ. ಕೆಲವರು ಪಲ್ಲಟವನ್ನು ಮುಖ್ಯ ವಾಕ್ಯದಲ್ಲಿ ಮಾಡದೆ ‘ಆಫ್ಟರ್’ ನಂತರದ ಉಪವಾಕ್ಯದಲ್ಲಿ ಮಾಡುತ್ತಾರೆ. ಮಳೆಯ ಭಾಗವನ್ನು ಮುಟ್ಟಬೇಡಿ, ಬಸ್ಸಿನ ಭಾಗವನ್ನು ತಿರುಗಿಸಿ. ಇನ್ನು ಕೆಲವರು ಈ ನಿಯಮ ಕಲಿತ ಉತ್ಸಾಹದಲ್ಲಿ ‘ಓನ್ಲಿ ರವಿ ಕೇಮ್’ ಎಂಬುದನ್ನೂ ತಿರುಗಿಸಲು ಹೊರಡುತ್ತಾರೆ. ‘ಓನ್ಲಿ’ ಕರ್ತೃವಿಗೇ ಅಂಟಿದ್ದರೆ ಪಲ್ಲಟವಿಲ್ಲ. ಕಾಲ, ಷರತ್ತು, ರೀತಿಗಳನ್ನು ಹೇಳುವ ಭಾಗಕ್ಕೆ ಅಂಟಿದ್ದರೆ ಮಾತ್ರ ಉಂಟು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಇದನ್ನು ಕೈಯಲ್ಲಿ ಬರೆದು ಅಭ್ಯಾಸ ಮಾಡಬೇಕು. ವಾಕ್ಯದೋಷ ಹುಡುಕುವ ಪ್ರಶ್ನೆಗಳಿಗೆ ಹೇಳಿ ಮಾಡಿಸಿದ ಬಲೆ ಇದು.

ಜೋಡಿಯಾಗಿ ಬರುವವು

‘ಓನ್ಲಿ ಇಫ್’ ಮತ್ತು ‘ಇಫ್ ಓನ್ಲಿ’ ಅದಲು ಬದಲಾದರೆ ಅರ್ಥವೂ ಬದಲು. ‘ಯೂ ವಿಲ್ ಗೆಟ್ ದಿ ರೀಫಂಡ್ ಓನ್ಲಿ ಇಫ್ ಯೂ ಬ್ರಿಂಗ್ ದಿ ರಿಸೀಟ್’ ಎಂಬುದು ಷರತ್ತು: ರಸೀದಿ ತಂದರೆ ಮಾತ್ರ ಹಣ ವಾಪಸ್. ‘ಇಫ್ ಓನ್ಲಿ ಐ ಹ್ಯಾಡ್ ಕೆಪ್ಟ್ ದಿ ರಿಸೀಟ್’ ಎಂಬುದು ಹಳಹಳಿಕೆ: ರಸೀದಿಯನ್ನು ಇಟ್ಟುಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು! ಹಳಹಳಿಕೆಯಲ್ಲಿ ಕ್ರಿಯಾಪದ ಒಂದು ಮೆಟ್ಟಿಲು ಹಿಂದಿನ ಕಾಲಕ್ಕೆ ಸರಿಯುತ್ತದೆ. ಕಳೆದುಹೋದದ್ದರ ಬಗ್ಗೆಯಾದರೆ ‘ಹ್ಯಾಡ್ ಕೆಪ್ಟ್’, ಈಗಿನದರ ಬಗ್ಗೆಯಾದರೆ ‘ಇಫ್ ಓನ್ಲಿ ಐ ನ್ಯೂ’.

‘ನಾಟ್ ಓನ್ಲಿ’ ಬಂದರೆ ಹಿಂದೆಯೇ ‘ಬಟ್ ಆಲ್ಸೋ’ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಎರಡರ ನಂತರವೂ ಒಂದೇ ಜಾತಿಯ ಪದ ಬರಬೇಕು ಎಂಬುದು ಮರೆತುಹೋಗುತ್ತದೆ. ‘ಶಿ ನಾಟ್ ಓನ್ಲಿ ಸ್ಪೀಕ್ಸ್ ಕನ್ನಡ ಬಟ್ ಆಲ್ಸೋ ತುಳು’ ಎಂಬುದು ಕುಂಟುತ್ತದೆ, ಒಂದು ಕಡೆ ಕ್ರಿಯಾಪದ, ಇನ್ನೊಂದು ಕಡೆ ಭಾಷೆಯ ಹೆಸರು. ‘ಶಿ ಸ್ಪೀಕ್ಸ್ ನಾಟ್ ಓನ್ಲಿ ಕನ್ನಡ ಬಟ್ ಆಲ್ಸೋ ತುಳು’ ಎಂದರೆ ತಕ್ಕಡಿ ಸಮವಾಗುತ್ತದೆ. ‘ನಾಟ್ ಓನ್ಲಿ’ಯಿಂದಲೇ ವಾಕ್ಯ ಆರಂಭಿಸಿದರೆ ಆಗಲೇ ಹೇಳಿದ ಸುಂಕ ಇಲ್ಲೂ ಕಟ್ಟಬೇಕು: ‘ನಾಟ್ ಓನ್ಲಿ ಡಿಡ್ ಹಿ ಕಮ್ ಲೇಟ್, ಬಟ್ ಹಿ ಆಲ್ಸೋ ಲೆಫ್ಟ್ ಅರ್ಲಿ.’

ಇನ್ನೆರಡು ಬಳಕೆಗಳು ಓದುವಾಗ ಎದುರಾಗುತ್ತವೆ. ಅರ್ಥ ಗೊತ್ತಿದ್ದರೆ ಸಾಕು. ‘ಐ ಆಮ್ ಓನ್ಲಿ ಟೂ ಹ್ಯಾಪಿ ಟು ಹೆಲ್ಪ್’ ಎಂಬಲ್ಲಿ ಮಿತಿಯಿಲ್ಲ, ಸಹಾಯ ಮಾಡಲು ತುಂಬಾ ಸಂತೋಷ ಎಂದೇ ಅರ್ಥ. ‘ಹಿ ರ‍್ಯಾನ್ ಟು ದಿ ಸ್ಟೇಷನ್, ಓನ್ಲಿ ಟು ಫೈಂಡ್ ದಿ ಟ್ರೇನ್ ಗಾನ್’ ಎಂದರೆ ಓಡಿ ಹೋಗಿ ನೋಡಿದರೆ ರೈಲು ಹೊರಟುಹೋಗಿತ್ತು ಎಂಬ ನಿರಾಸೆ.

ಒಂದು ಇಮೇಲ್ ತಿದ್ದಿ ನೋಡೋಣ

ಈ ಅಭ್ಯಾಸಕ್ಕೆಂದೇ ಕಟ್ಟಿದ ಇಮೇಲ್ ಇದು. ಓದಿದವರಿಗೆ ಪರಿಚಿತವೆನಿಸಬಹುದು.

‘ಡಿಯರ್ ಮೇಡಂ, ಐ ಆಮ್ ಇನ್ ಹುಬ್ಬಳ್ಳಿ ಓನ್ಲಿ. ಯೂ ಓನ್ಲಿ ಟೋಲ್ಡ್ ಮಿ ಟು ವೇಟ್. ದಿ ಕೊರಿಯರ್ ಡಿಡ್ ನಾಟ್ ಕಮ್ ಓನ್ಲಿ. ಐ ಓನ್ಲಿ ವಿಲ್ ಗೋ ಟು ದೇರ್ ಆಫೀಸ್ ಟುಮಾರೋ ಮಾರ್ನಿಂಗ್ ಓನ್ಲಿ. ದೇ ಆರ್ ಓಪನ್ ಟಿಲ್ ಒನ್ ಓನ್ಲಿ.’

ಆರು ‘ಓನ್ಲಿ’ಗಳು. ಒಂದೊಂದನ್ನೂ ಕನ್ನಡಕ್ಕೆ ತಿರುಗಿಸಿ ‘ಮಾತ್ರ’ ಪರೀಕ್ಷೆಗೆ ಒಡ್ಡಿ. ‘ಹುಬ್ಬಳ್ಳಿಯಲ್ಲೇ ಇದ್ದೇನೆ’ ಎಂಬುದರ ಭಾವ ಇನ್ನೂ ಹೊರಟಿಲ್ಲ ಎಂದು, ಆದ್ದರಿಂದ ‘ಸ್ಟಿಲ್’. ‘ನೀವೇ ಕಾಯಲು ಹೇಳಿದಿರಿ’ ಎಂಬುದನ್ನು ‘ಯೂ ವರ್ ದಿ ಒನ್’ ಎಂದು ತಿದ್ದಿದರೆ ವ್ಯಾಕರಣ ಸರಿಯಾದೀತು, ಮೇಡಂ ಮುಖ ಸಿಂಡರಿಸಿಯಾರು. ‘ಆ್ಯಸ್ ಯೂ ಆಸ್ಕ್ಡ್’ ಒಳ್ಳೆಯದು. ‘ಬರಲೇ ಇಲ್ಲ’ ಎಂಬುದಕ್ಕೆ ‘ನೆವರ್’. ‘ನಾನೇ ಹೋಗುತ್ತೇನೆ’ ಎಂಬುದಕ್ಕೆ ‘ಮೈಸೆಲ್ಫ್’. ‘ನಾಳೆ ಬೆಳಿಗ್ಗೆಯೇ’ ಎಂಬಲ್ಲಿರುವುದು ಆತುರ. ಅದಕ್ಕೆ ಇಂಗ್ಲಿಷಿನಲ್ಲಿ ‘ಫಸ್ಟ್ ಥಿಂಗ್ ಟುಮಾರೋ ಮಾರ್ನಿಂಗ್’ ಎಂಬ ಸೊಗಸಾದ ನುಡಿಗಟ್ಟೇ ಇದೆ. ಕೊನೆಯದಾಗಿ ‘ಒಂದು ಗಂಟೆಯವರೆಗೆ ಮಾತ್ರ’. ಆರರಲ್ಲಿ ಪರೀಕ್ಷೆ ಪಾಸಾದದ್ದು ಇದೊಂದೇ. ಬಾಲದಿಂದ ಎತ್ತಿ ‘ಟಿಲ್’ ಮುಂದೆ ಕೂರಿಸಿದರೆ ಆಯಿತು.

‘ಡಿಯರ್ ಮೇಡಂ, ಐ ಆಮ್ ಸ್ಟಿಲ್ ಇನ್ ಹುಬ್ಬಳ್ಳಿ. ಆ್ಯಸ್ ಯೂ ಆಸ್ಕ್ಡ್, ಐ ವೇಟೆಡ್, ಬಟ್ ದಿ ಕೊರಿಯರ್ ನೆವರ್ ಕೇಮ್. ಐ ವಿಲ್ ಗೋ ಟು ದೇರ್ ಆಫೀಸ್ ಮೈಸೆಲ್ಫ್ ಫಸ್ಟ್ ಥಿಂಗ್ ಟುಮಾರೋ ಮಾರ್ನಿಂಗ್. ದೇ ಆರ್ ಓಪನ್ ಓನ್ಲಿ ಟಿಲ್ ಒನ್.’